ಬೊಂಗಾಳೆ ಮಾಸ್ತರರ ಅಕ್ಷಯ ಲೇಬಲ್ ವಿಜಯ

ಎಲೈ ಸೂಚೀಮುಖವಾಸಿನಿಯೇ, ಎಂಥ ದಪ್ಪ ಕನ್ನಡಕ ಏರಿಸಿ ಬಂದರೂ ದಾರಕ್ಕೆ ಮೊದಲ ಯತ್ನದಲ್ಲೇ ದಾರಿ ಬಿಡದ ಸೂಜಿಗಣ್ಣಿನ ಅಧಿದೇವತೆಯೇ, ನಿನಗೆ ನಮಸ್ಕಾರ. ರೆಡಿಮೇಡ್ ಎಂಬ ಮಹಾದೈತ್ಯನು ಊರೂರಲ್ಲಿ ಗಾಜಿನ ಕೋಟೆಗಳನ್ನು ಕಟ್ಟಿ, ಬಾಗಿಲಿಗೆ ತಲೆಯಿಲ್ಲದ ಬೊಂಬೆಗಳನ್ನು ಕಾವಲಿಟ್ಟು, ಅಳತೆ ಕೊಟ್ಟು ಅಂಗಿ ಹೊಲಿಸಿಕೊಳ್ಳುವ ಪುರಾತನ ಪದ್ಧತಿಯನ್ನು ಗುಟುಕು ಗುಟುಕಾಗಿ ನುಂಗುತ್ತಿದ್ದ ಘೋರ ಕಾಲದಲ್ಲಿ, ಬೆಟಗೇರಿಯ ಪೇಟೆ ಬೀದಿಯಲ್ಲಿ, ತೀಕ್ಷ್ಣಕರ್ತರೀಧರನೂ ಟೇಪುಹಾರವಿಭೂಷಿತಕಂಠನೂ ನಿರಂತರಪೆಡಲ್‌ಮರ್ದನಪಾದನೂ ಆದ ಏಕನಾಥಪ್ಪ ಬೊಂಗಾಳೆ ಎಂಬ ದರ್ಜಿಕುಲತಿಲಕನಿದ್ದನು. ಅವನ ಕಥೆಯನ್ನು ಹೇಳುತ್ತೇನೆ. ಕೇಳಿದವರಿಗೆ ಪುಣ್ಯ ಬರುತ್ತದೆಂದು ಭರವಸೆ ಕೊಡಲಾರೆ.

ಈ ವೀರನು ಹಾಕಿದ ಹೊಲಿಗೆ ಬಿಚ್ಚಿದ್ದನ್ನು ಕಂಡವರಿರಲಿಲ್ಲ. ಬಟ್ಟೆ ಸವೆದು ಸೊಳ್ಳೆಪರದೆಯಾದರೂ ಹೊಲಿಗೆ ಮಾತ್ರ ಹಠ ಹಿಡಿದು ಉಳಿಯುತ್ತಿತ್ತು. ಆದರೆ ವಿಧಿಯು ಪ್ರತಿಯೊಬ್ಬ ಮಹಾಪುರುಷನಿಗೂ ಒಂದು ದುರ್ಬಲ ಜಾಗವನ್ನು ಇಟ್ಟಿರುತ್ತದೆ. ನಮ್ಮ ನಾಯಕನಿಗೆ ಅದು ಕಾಲರಿನ ಒಳಗಿತ್ತು. ‘ಬೊಂಗಾಳೆ ಟೇಲರ್ಸ್, ಬೆಟಗೇರಿ’ ಎಂಬ ಲೇಬಲ್ಲನ್ನು ಅವನು ಹುಬ್ಬಳ್ಳಿಯಿಂದ ಸುರುಳಿಗಟ್ಟಲೆ ತರಿಸುತ್ತಿದ್ದನು. ಅದು ನಾಲ್ಕಾರು ಸಲ ನೀರು ಕಂಡದ್ದೇ ತಡ, ಮೊದಲು ಊರಿನ ಹೆಸರು ಅಳಿಯುತ್ತಿತ್ತು, ಆಮೇಲೆ ಬೊಂಗಾಳೆಯವರು ಅಳಿಯುತ್ತಿದ್ದರು.

ಒಂದು ದಿನ ಬೆಳಿಗ್ಗೆ ಚಹಾದಂಗಡಿಯೆಂಬ ಆ ಧರ್ಮಕ್ಷೇತ್ರದಲ್ಲಿ ಅನರ್ಥ ಸಂಭವಿಸಿತು. ಮೆಣಸಿನಕಾಯಿ ವ್ಯಾಪಾರದ ಮಹಾರುದ್ರಪ್ಪ ಶೆಟ್ಟರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ಕುಳಿತಿದ್ದರು.

“ಅಂಗಿ ಭಾರಿ ಕುಂತೈತಲ್ರೀ ಶೆಟ್ರ, ಯಾರ ಕೈದು?” ಎಂದು ಪಕ್ಕದವರು ಕೇಳಿದರು.

ಮೆಣಸಿನಕಾಯಿಯ ದರವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮರೆಯುವ ಶೆಟ್ಟರು ಕಾಲರನ್ನು ಹಿಂದಕ್ಕೆ ತಿರುವಿ ತೋರಿಸಿದರು. ಅಲ್ಲಿ ಬಿಳಿಯ ಚಿಂದಿಯಿತ್ತು, ಅಕ್ಷರವಿರಲಿಲ್ಲ. ಆಗ ಬೀದಿಯ ಆಚೆ ಬದಿಯ ನ್ಯೂ ಫ್ಯಾಶನ್ ಟೇಲರ್ಸಿನ ಅಧಿಪತಿ, ಪರಕೀರ್ತಿಪಾನಲೋಲುಪ, ಚನ್ನವೀರಪ್ಪ ಕುಬಸದ ಎಂಬುವನು ಬಸಿಯಲ್ಲಿ ಚಹಾ ಆರಿಸುತ್ತಿದ್ದವನು ಬಗ್ಗಿ ನೋಡಿ, “ನಮ್ಮ ಅಂಗಡೀದ ಇರಬೇಕ್ರಿ. ಕೈ ನೋಡಿದ್ರ ಗೊತ್ತಾಗತೈತಿ” ಎಂದನು. ಶೆಟ್ಟರು ಇದ್ದರೂ ಇರಬಹುದೆಂದು ತಲೆಯಾಡಿಸಿದರು!

ಅದೇ ಅಂಗಡಿಯ ಮೂಲೆಯಲ್ಲಿ ಟೋಸ್ಟು ಅದ್ದುತ್ತಿದ್ದ ಏಕನಾಥಪ್ಪನ ಕಿವಿಗೆ ಈ ಮಾತು ಬಿತ್ತು. ಕೈಯಲ್ಲಿದ್ದ ಟೋಸ್ಟು ಚಹಾದೊಳಗೆ ಮುರಿದು ಮುಳುಗಿತು, ಅವನು ಅದನ್ನು ಲೆಕ್ಕಿಸಲಿಲ್ಲ. ಎದ್ದು ನಿಂತು, ಮೇಘಗಂಭೀರಧ್ವನಿಯಿಂದ, ಬಾಯಲ್ಲಿದ್ದುದನ್ನು ನುಂಗಿಕೊಂಡು ಹೀಗೆ ಗರ್ಜಿಸಿದನು:

“ಏ ಚನ್ನವೀರ! ಆ ಅಂಗಿ ನಾ ಹೆತ್ತ ಕೂಸು ಇದ್ದಂಗ. ಬಗಲಾಗ ಎರಡು ಸುತ್ತು ಹೊಲಿಗಿ ಐತಿ, ನೋಡು ಬಾ. ನೀ ಜನ್ಮದಾಗ ಒಂದು ಸುತ್ತಿನ ಮ್ಯಾಲ ದಾರ ಖರ್ಚು ಮಾಡಿದಾವಲ್ಲ!”

ಕೂಡಲೇ ಮಹಾಪರೀಕ್ಷೆ ಏರ್ಪಟ್ಟಿತು. ಶೆಟ್ಟರ ಬಲಗೈಯನ್ನು ಆಕಾಶಕ್ಕೆತ್ತಿಸಲಾಯಿತು. ಊರಿನ ಹಿರಿಯರು ಮೂಗು ಮುಚ್ಚಿಕೊಂಡು ಬಗಲನ್ನು ಪರಿಶೀಲಿಸಿ, ಹೊಲಿಗೆ ಎರಡು ಸುತ್ತು ಇದೆಯೆಂದು ಸಾರಿದರು. ಸತ್ಯಕ್ಕೆ ಜಯವಾಯಿತು, ಕೈ ಎತ್ತಿಸಿಕೊಂಡ ಶೆಟ್ಟರಿಗೆ ಮಾತ್ರ ಮುಜುಗರವಾಯಿತು.

“ಆತು ಬಿಡ್ರಿ ಮಾಸ್ತರ, ನಿಮ್ದs ಅಂಗಿ,” ಎಂದರು ಅವರು. “ಆದ್ರ ಮಂದಿ ಕೇಳಿದಾಗೊಮ್ಮೆ ಬಗಲ ಎತ್ತಿ ತೋರ್ಸಾಕ ಆಕ್ಕೈತೇನ್ರಿ? ಬರೂ ತಿಂಗಳ ನಮ್ಮ ಶಿವಪುತ್ರನ ಲಗ್ನ ಐತಿ. ಮನಿ ಗಂಡಸರಿಗೆಲ್ಲಾ ಒಂದs ಬಟ್ಟಿ ತಾನಿನ್ಯಾಗ ಅಂಗಿ ಹೊಲಸೂದೈತಿ. ನೀವs ಹೊಲೀರಿ. ಆದ್ರ ಹೆಸರು ಉಳೀಬೇಕು ನೋಡ್ರಿ. ಉಳಿಲಿಲ್ಲಂದ್ರ ಮುಂದಿನ ಲಗ್ನಕ್ಕ ನಮ್ಮ ಮಂದಿ ಚನ್ನವೀರನ ಕಡೆ ಹೊಕ್ಕಾರ.”

ಆಗ ದರ್ಜಿಕುಲತಿಲಕನು ಕೊರಳಿನ ಟೇಪನ್ನು ಮುಟ್ಟಿ ಭೀಕರ ಪ್ರತಿಜ್ಞೆ ಮಾಡಿದನು: “ಶೆಟ್ರ, ಅಂಗಿ ಹರೀಬಹುದು, ಗುಂಡಿ ಉದರಬಹುದು. ನನ್ನ ಹೆಸರು ಮಾತ್ರ ಅಳಸಂಗಿಲ್ಲ. ಅಳಸಿತಂದ್ರ ಇನ್ನ ಮುಂದ ಕತ್ತರಿ ಮುಟ್ಟಂಗಿಲ್ಲ!”

“ಹಂಗಾದ್ರ ಆ ಕತ್ತರಿ ನನಗs ಕೊಡ್ರಿ ಮಾಸ್ತರ, ಛಲೋ ಐತಿ” ಎಂದು ಕುಬಸದನು ಬಸಿಯನ್ನು ಸೊರ್ರೆಂದು ಹೀರಿದನು.

ಮುಂದೆ ನಡೆದ ತಪಸ್ಸನ್ನು ವರ್ಣಿಸಲು ನನ್ನ ನಾಲಿಗೆಗೆ ಶಕ್ತಿಯಿಲ್ಲ, ನಿಮಗೂ ಅಷ್ಟು ಪುರುಸೊತ್ತಿರಲಿಕ್ಕಿಲ್ಲ. ನಾಯಕನು ಲೇಬಲ್ಲುಗಳನ್ನು ಸೃಷ್ಟಿಸುತ್ತ ಹೋದನು. ಅವನ ಧರ್ಮಪತ್ನಿ, ಒಗೆಯುವ ಕಲ್ಲಿನ ಮುಂದೆ ಲೋಕದ ಯಾವ ಬಟ್ಟೆಗೂ ಕರುಣೆ ತೋರದ ಗೋದಾವರಿಬಾಯಿ, ಅವುಗಳನ್ನು ಸಂಹರಿಸುತ್ತ ಹೋದಳು. ಬಣ್ಣದ ದಾರದ ಕಸೂತಿ ಮಾಡಿದನು, ಬಣ್ಣ ಬಿಟ್ಟು ಅವನ ಹೆಸರು ಇಡೀ ಕಾಲರಿಗೆ ಹರಡಿತು. ಬೋರ್ಡು ಬರೆಯುವ ಪೇಂಟಿನಲ್ಲಿ ಬರೆದನು, ಹೆಸರು ಹಪ್ಪಳದಂತೆ ಚೂರುಚೂರಾಗಿ ಉದುರಿತು. ಸೋಲಿನ ಮೇಲೆ ಸೋಲು ಬಿದ್ದು ಅವನ ಮುಖ ಬಾಡಿಹೋಯಿತು.

“ಇನ್ನ ಎಷ್ಟ ಸಲ ಒಗೀಬೇಕ್ರೀ ನಿಮ್ಮ ಹೆಸರು?” ಎಂದಳು ಗೋದಾವರಿಬಾಯಿ. “ಮನ್ಯಾಗಿನ ಅರಿವಿ ಒಗ್ಯಾಕ ಸಬಕಾರ ಉಳದಿಲ್ಲ. ನಿಮ್ಮ ಕೀರ್ತಿ ಸಲುವಾಗಿ ನನ್ನ ರಟ್ಟಿ ಬಿದ್ದು ಹೋಗ್ಯಾವು.”

ಅಂಥ ಹತಾಶ ಗಳಿಗೆಯಲ್ಲಿ ಟ್ರಂಕಿನ ತಳದಿಂದ ತೆಗೆದ ಅಪ್ಪನ ಕಾಲದ ಧೋತರವೊಂದು ಅವನಿಗೆ ಜ್ಞಾನೋದಯ ಮಾಡಿಸಿತು. ಧೋತರ ಸವೆದು ಹಿಂಜಿಹೋಗಿತ್ತು. ಅದರ ಅಂಚಿನಲ್ಲಿ ಮಡಿವಾಳರು ಗುರುತಿಗೆ ಇಟ್ಟಿದ್ದ ಕರೀ ಚುಕ್ಕಿ ಮಾತ್ರ ನಿನ್ನೆ ಇಟ್ಟಂತಿತ್ತು. ಅದು ಕೇರು ಬೀಜದ ರಸ! ಬಟ್ಟೆಯನ್ನು ಒಮ್ಮೆ ಹಿಡಿಯಿತೆಂದರೆ ಜನ್ಮದಲ್ಲಿ ಬಿಡದ ರಸ! ನಾಯಕನು ಗಿಡಮೂಲಿಕೆ ಅಂಗಡಿಗೆ ದಂಡಯಾತ್ರೆ ಹೋಗಿ ಬೀಜ ಗೆದ್ದು ತಂದನು. “ಮೈಗೆ ತಾಗದಂಗ ನೋಡ್ಕೊಳ್ರಿ, ಸುಡತೈತಿ” ಎಂದು ಅಂಗಡಿಯವನು ಹೇಳಿದ್ದನ್ನು ಶಿರಸಾವಹಿಸಿ, ತನ್ನ ಬೆರಳುಗಳಿಗೆಲ್ಲ ಜಾಗರೂಕತೆಯಿಂದ ಚಿಂದಿ ಸುತ್ತಿಕೊಂಡು, ದಬ್ಬಣದ ತುದಿಯಿಂದ ಬಿಳಿ ಪಟ್ಟಿಯ ಮೇಲೆ ತನ್ನ ಹೆಸರನ್ನು ಬರೆದನು.

ಗೋದಾವರಿಬಾಯಿ ಅದನ್ನು ಒಗೆದಳು. ಸೋಡಾ ಹಾಕಿ ಕುದಿಸಿದಳು. ಕಲ್ಲಿಗೆ ಅಪ್ಪಳಿಸಿದಳು, ಬ್ರಶ್ಶಿನಲ್ಲಿ ತಿಕ್ಕಿದಳು, ಸಿಟ್ಟಿನಿಂದ ಮತ್ತೊಮ್ಮೆ ಕುದಿಸಿದಳು. ಪಟ್ಟಿಯ ಅಂಚು ಹರಿಯಿತು, ಹೆಸರು ಕದಲಲಿಲ್ಲ. ಏಕನಾಥಪ್ಪನು ಅದನ್ನು ಕೈಯಲ್ಲಿ ಹಿಡಿದು, ಕೆನ್ನೆಗೊತ್ತಿಕೊಂಡು, ನಿಜವಾಗಿಯೂ ಅತ್ತನು. ಕೆನ್ನೆಗೆ ಏನೂ ಆಗಲಿಲ್ಲ. ಒಗೆದು ಒಗೆದು ಬೀಜದ ಖಾರವೆಲ್ಲ ಎಂದೋ ಮೋರಿಗೆ ಹರಿದುಹೋಗಿತ್ತು.

“ಛಲೋ ಆಗೇತ್ರಿ,” ಎಂದಳು ಹೆಂಡತಿ. “ಆದ್ರ ಮಡಿವಾಳರು ಮೂಲ್ಯಾಗ ಸಣ್ಣ ಚುಕ್ಕಿ ಇಡತಾರ. ನೀವೇನು ಜಾತಕ ಬರದೀರಿ?”

“ಚುಕ್ಕಿ ಇಡಾಕ ನಾ ಏನು ಹೆಬ್ಬಟ್ಟಿನವನೇನು?” ಎಂದು ವೀರನು ಹೂಂಕರಿಸಿದನು. “ಪೂರಾ ಹೆಸರು ಬೇಕು. ಊರೂ ಬೇಕು. ದಪ್ಪಗ ಬೇಕು!”

ಹಾಗೆಯೇ ದಪ್ಪಗೆ ಬರೆದು, ರಸವು ಪಟ್ಟಿಯ ಮೇಲೆ ಮಿನುಗುವಷ್ಟು ಧಾರಾಳವಾಗಿ ಬರೆದು, ಶೆಟ್ಟರ ಮನೆಯ ಗಂಡಸರ ಎಲ್ಲ ಅಂಗಿಗಳಿಗೂ ಎರಡೆರಡು ಸುತ್ತು ಹೊಲಿದು ಕಳಿಸಿದನು. ಲಗ್ನದ ಹೊಸ ಬಟ್ಟೆಯನ್ನು ನೀರಿಗೆ ಹಾಕಿ ಉಡುವ ರೂಢಿ ನಮ್ಮಲ್ಲಿ ಎಲ್ಲಿದೆ? ಮೂಲೆಗೆ ಅರಿಷಿಣ ಹಚ್ಚಿ, ದೇವರ ಮುಂದಿಟ್ಟು, ಮಡಿಕೆ ಮುರಿದು ಹಾಗೇ ತೊಡುತ್ತಾರೆ. ಒಗೆದ ಮೇಲೆ ಲೇಬಲ್ಲಿಗೆ ಏನಾಗುತ್ತದೆಂದು ತಿಂಗಳಿಡೀ ಪರೀಕ್ಷಿಸಿದ ಮಹಾಮತಿಗೆ, ಒಗೆಯುವ ಮೊದಲು ಕತ್ತಿಗೆ ಏನಾಗುತ್ತದೆಂಬ ಸಣ್ಣ ಪ್ರಶ್ನೆ ಹೊಳೆಯಲೇ ಇಲ್ಲ.

ಲಗ್ನದ ಮುಂಚಿನ ದೇವರ ಕಾರ್ಯದ ದಿನ ಶೆಟ್ಟರ ಮನೆಯವರು ಆ ಅಂಗಿಗಳನ್ನು ತೊಟ್ಟರು. ಎಷ್ಟು ಚಂದ ಕುಳಿತವೆಂದರೆ, ಲಗ್ನದ ದಿನವೂ ಅವನ್ನೇ ತೊಟ್ಟು ಮಂಟಪಕ್ಕೆ ಬಂದರು. ಕೇರಿನ ರಸವಾದರೋ ತಾಗಿದ ಕೂಡಲೇ ಉರಿಯದೆ, ಒಂದೆರಡು ದಿನ ಹೊಂಚು ಹಾಕಿ ಮೇಲೇಳುವ ಶತ್ರು. ವೈಶಾಖದ ಬಿಸಿಲು, ತಗಡಿನ ಚಪ್ಪರ, ಧಾರಾಕಾರ ಬೆವರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಏಕನಾಥಪ್ಪನು ಸಾಲಾಗಿ ನಿಂತ ತನ್ನ ಕಾಲರುಗಳನ್ನು ಕಣ್ತುಂಬ ನೋಡುತ್ತಿದ್ದನು.

ಮೊದಲು ಮದುಮಗನ ಕಾಕಾ ಕತ್ತು ಕೆರೆದುಕೊಂಡರು. ಆಮೇಲೆ ಮಾಮಾ ಕೆರೆದುಕೊಂಡರು. ನೋಡುನೋಡುತ್ತಿದ್ದಂತೆ ಅಣ್ಣತಮ್ಮಂದಿರೆಲ್ಲ ಒಂದೇ ತಾಳಕ್ಕೆ ಕೈಯನ್ನು ಬೆನ್ನ ಮೇಲಕ್ಕೆ ಒಯ್ದರು. ಅಕ್ಕಿಕಾಳು ಬೀಳುವ ಶುಭಮುಹೂರ್ತದಲ್ಲಿ, ವಾದ್ಯಗಳು ಮೊಳಗುತ್ತಿರಲು, ಮದುಮಗ ಶಿವಪುತ್ರನು ಒಂದು ಕೈಯಲ್ಲಿ ತಾಳಿ ಹಿಡಿದು ಇನ್ನೊಂದು ಕೈಯಲ್ಲಿ ಕತ್ತು ಉಜ್ಜುತ್ತ, “ಅಪ್ಪಾ, ಉರಿಯಾಕತ್ತೈತೋ!” ಎಂದು ಕೂಗಿದನು. ಬೀಗರು ದಿಗಿಲುಬಿದ್ದರು. ಈ ಮನೆತನಕ್ಕೇ ಏನೋ ಚರ್ಮದ ಕಾಯಿಲೆಯಿದೆಯೆಂದು ಹೆಣ್ಣಿನ ಸೋದರತ್ತೆ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. ಹೇಗೋ ಹೆಣ್ಣಿನ ಕೊರಳಿಗೆ ತಾಳಿ ಬಿತ್ತು. ಶೆಟ್ಟರು ಅಲ್ಲೇ ಅಂಗಿ ಕಳಚಿದರು.

ಅವರ ಕತ್ತಿನ ಹಿಂದೆ, ಕೆಂಪಗೆ ಬಾತುಕೊಂಡು, ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ, ಸಾಲು ಅಕ್ಷರಗಳು ಎದ್ದಿದ್ದವು.

“ಯಾವ ಪುಣ್ಯಾತ್ಮ ಹೊಲದಾನ್ರೀ ಈ ಅಂಗಿ?” ಎಂದು ಬೀಗರು ಗುಡುಗಿದರು.

ಹೂ ಮಾರುವವಳ ಕೈಗನ್ನಡಿಯೊಂದನ್ನು ಇಸಕೊಂಡು ಬಂದು ಶೆಟ್ಟರ ಹಿಂದೆ ಹಿಡಿದವನು ಕುಬಸದ. ಪರರ ಕೀರ್ತಿಯನ್ನು ಕುಡಿದೇ ಬದುಕಿದ್ದ ಆ ಮಹಾನುಭಾವನು ಅಂದು ಎಂದೂ ಇಲ್ಲದ ಪ್ರಾಮಾಣಿಕತೆಯನ್ನು ಮೆರೆದು, ಅಕ್ಷರ ಅಕ್ಷರ ಕೂಡಿಸಿ, ಚಪ್ಪರದ ಕೊನೆಯ ಸಾಲಿಗೂ ಮುಟ್ಟುವಂತೆ ಓದಿದನು: “ಬೊಂಗಾಳೆ ಟೇಲರ್ಸ್, ಬೆಟಗೇರಿ! ನಮ್ಮ ಅಂಗಡೀದು ಅಲ್ರಿ. ಹೆಸರು ಸ್ಪಷ್ಟ ಐತಿ, ಯಾರರೆ ಬಂದು ನೋಡ್ರಿ.”

ಜನರು ಬಂದು ನೋಡಿದರು. ನೂಕುನುಗ್ಗಲಿನಲ್ಲಿ ಬಂದು ನೋಡಿದರು. ಬೊಂಗಾಳೆಯವರ ಹೆಸರನ್ನು ಅಷ್ಟು ಮಂದಿ ಒಟ್ಟಿಗೆ ಓದಿದ್ದು ಅವನ ವಂಶದಲ್ಲೇ ಮೊದಲು. ಪ್ರತಿಜ್ಞೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೂ ವಿಜಯಿಯಾದ ನಾಯಕನು ಊಟದ ಪಂಕ್ತಿಗೂ ನಿಲ್ಲದೆ ಹಿಂಬಾಗಿಲಿನಿಂದ ಮನೆ ಸೇರಿದನು.

ಮರುದಿನ ಗೋದಾವರಿಬಾಯಿ ಕೊಬ್ಬರಿ ಎಣ್ಣೆಯ ಬಟ್ಟಲನ್ನು ಗಂಡನ ಕೈಗಿಟ್ಟು, “ಹೋಗ್ರಿ, ನಿಮ್ಮ ಹೆಸರು ನೀವs ಅಳಿಸ್ರಿ. ನನ್ನ ಕೈಲೆ ಆಗಂಗಿಲ್ಲ” ಎಂದಳು. ಶೆಟ್ಟರ ಪಡಸಾಲೆಯಲ್ಲಿ ಮನೆಯ ಗಂಡಸರು ಬರಿಮೈಯಲ್ಲಿ, ಗೋಡೆಗೆ ಮುಖ ಮಾಡಿ, ಸಾಲಾಗಿ ಕುಳಿತಿದ್ದರು. ತೀಕ್ಷ್ಣಕರ್ತರೀಧರನು ಮೊಳಕಾಲೂರಿ, ಹೊಸ ಮದುಮಗನಿಂದ ಮೊದಲು ಮಾಡಿ, ಒಂದೊಂದೇ ಕತ್ತಿಗೆ ಹೆಬ್ಬೆರಳಿನಿಂದ ಎಣ್ಣೆ ಸವರುತ್ತ ಬಂದನು.

ಕೊನೆಗೆ ಶೆಟ್ಟರ ಸರದಿ ಬಂತು. ಅವರು ತಿರುಗದೆಯೇ ಕೇಳಿದರು: “ಮಾಸ್ತರ, ಖರೇ ಹೇಳ್ರಿ. ಅಳಸೇತೇನು?”

ಏಕನಾಥಪ್ಪನು ಬಗ್ಗಿ ನೋಡಿದನು. ಒಂದು ಅಕ್ಷರದ ಕೊಂಬೂ ಮಾಸಿರಲಿಲ್ಲ.

“ಮಬ್ಬಾಗೇತ್ರಿ ಶೆಟ್ರ,” ಎಂದು ತನ್ನ ಹೆಸರಿನ ಮೇಲೆ ಇನ್ನೊಂದು ಬೆರಳು ಎಣ್ಣೆ ಹಚ್ಚಿದನು. “ಯಾರದಂತ ಓದಾಕs ಬರೂದಿಲ್ಲ.”