ಕ್ಲೈಂಟ್ ಕಡೆಯ ಬೀಗ

ಗೊತ್ತಿಲ್ಲದ ಮಾತಿನಿಂದ ಯಾರೂ ಕೆಡುವುದಿಲ್ಲ; ಅರ್ಥ ಕೇಳಿಕೊಂಡರಾಯಿತು. ಕೆಡಿಸುವುದು ಗೊತ್ತಿದೆಯೆಂದು ನಾವು ನಂಬಿಕೊಂಡ ಮಾತು. ನನ್ನ ಪಾಲಿಗೆ ಅದು ‘ಕ್ಲೈಂಟ್’. ತಮಿಳುನಾಡಿನ ಸೋಮನೂರಿನಲ್ಲಿ ಪವರ್‌ಲೂಮ್ ಇಟ್ಟುಕೊಂಡವನಿಗೆ ಕ್ಲೈಂಟ್ ಎಂದರೆ ಸೀರೆ ಕೊಳ್ಳುವ ಪಾರ್ಟಿ. ಅವರು ಬಂದರೆ ಕುರ್ಚಿ ಒರೆಸಿ, ಫ್ಯಾನನ್ನು ಅವರ ಕಡೆ ತಿರುಗಿಸಬೇಕು. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ನಮ್ಮ ಸೀರೆಗಳ ಅಂಚಿನ ಡಿಸೈನ್ ಮಾಡುವವಳು ನನ್ನ ಹೆಂಡತಿ ಸರಸ್ವತಿ. ಅವಳ ಹುಣಸೆ ಹೂವಿನ ಅಂಚು ನಮ್ಮ ಮಗ್ಗ ಏರುವ ಮೊದಲೇ ಹಿಂದಿನ ಬೀದಿಯ ಇನ್ನೊಬ್ಬರ ಮಗ್ಗದ ಶೆಡ್ಡಿನಲ್ಲಿ ಸೀರೆಯಾಗಿ ಹೊರಬಂತು. ಅವಳು ಊಟ ಬಿಟ್ಟಳು. ಆಗ ಕೊಯಮತ್ತೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಕವಿತಾ, ಡಿಸೈನುಗಳನ್ನು ಭದ್ರವಾಗಿಡುವ ಒಂದು ವೆಬ್‌ಸೈಟ್ ಹೇಳಿ, ಫೋನಿನಲ್ಲೇ ಪಾಠ ಮಾಡಿದಳು.

“ಮಾವಾ, ಪೂಟು ಎರಡು ತರ. ಸರ್ವರ್ ಸೈಡ್ ಅಂದ್ರೆ, ನಾವು ಕಳ್ಸಿದ್ ಮೇಲೆ ಕಂಪನಿಯೋರು ಅಲ್ಲಿ ಪೂಟು ಹಾಕ್ತಾರೆ, ಸಾವಿ ಅವರ ತಾವ. ಕ್ಲೈಂಟ್ ಸೈಡ್ ಅಂದ್ರೆ, ಕಳ್ಸೋಕ್ ಮುಂಚೇನೇ ಪೂಟು, ಸಾವಿ ಕ್ಲೈಂಟ್ ತಾವ ಮಾತ್ರ. ಅದೇ ಸೇಫು. ಆದ್ರೆ ಪಾಸ್‌ವರ್ಡ್ ಮರ್ತ್ರೆ ಕಂಪನಿಯೋರಿಗೂ ತೆಗ್ಯಾಕಾಗಲ್ಲ.”

ಬೀಗ, ಬೀಗದ ಕೈಗಳು ನಮ್ಮ ಮನೆಗಳಲ್ಲಿ ತಮಿಳಿನ ಪೂಟು, ಸಾವಿ ಆಗಿ ತಲೆಮಾರುಗಳೇ ಕಳೆದಿವೆ, ಅಷ್ಟು ತಿಳಿಯಿತು. ನಮ್ಮ ಡಿಸೈನಿಗೆ ಪಾರ್ಟಿ ಏಕೆ ಬೀಗ ಹಾಕಬೇಕು ಎಂಬುದು ಮಾತ್ರ ತಿಳಿಯಲಿಲ್ಲ. ಕೇಳಲು ಸಂಕೋಚವಾಗಿ “ಓ, ಸರಿ ಸರಿ” ಎಂದೆ.

ಮರುದಿನ ನಮ್ಮ ಸೀರೆ ಕೊಳ್ಳುವ ತಿರುಪ್ಪೂರಿನ ವ್ಯಾಪಾರಿ ಷಣ್ಮುಗಂ ಶೆಡ್ಡಿಗೆ ಬಂದರು. ಕಂಪ್ಯೂಟರ್ ಮುಂದೆ ಕೂರಿಸಿ, ಪಾಸ್‌ವರ್ಡ್ ನೀವೇ ಇಡಬೇಕೆಂದು ಕೈಮುಗಿದೆ. ನನ್ನಷ್ಟೇ ಗೊಂದಲಗೊಂಡರೂ ಮರ್ಯಾದಸ್ಥರು, ಏನೋ ಒಂದು ಒತ್ತಿದರು. ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ. ಆಮೇಲೆ ಸರಸ್ವತಿ ತನ್ನ ಡಿಸೈನುಗಳನ್ನೆಲ್ಲ ಅದರೊಳಗೆ ಸೇರಿಸಿ, ಕಳ್ಳರ ಕೈಗೆ ಸಿಗಬಾರದೆಂದು ಹೊರಗಿನ ಪ್ರತಿಗಳನ್ನು ಅಳಿಸಿಬಿಟ್ಟಳು.

ದೀಪಾವಳಿಯ ಕೆಲಸ ಶುರುವಾಗುವ ಹೊತ್ತಿಗೆ ಕರೆಂಟ್ ಹೋಗಿ ಬಂತು. ಅಲ್ಲಿಯವರೆಗೆ ತೆರೆದೇ ಇದ್ದ ಆ ವೆಬ್‌ಸೈಟ್ ಪಾಸ್‌ವರ್ಡ್ ಕೇಳಿತು.

“ಏನ್ ಇಟ್ಟಿದೀರಿ?” ಎಂದಳು ಸರಸ್ವತಿ.

“ಅದು ಕ್ಲೈಂಟ್ ತಾವ ಐತೆ” ಎಂದೆ, ಹೆಮ್ಮೆಯಿಂದಲೇ.

ಅವಳು ನನ್ನನ್ನು ನೋಡಿದ ನೋಟಕ್ಕೆ ಮಗ್ಗದ ಸದ್ದೂ ಕೇಳಿಸದಂತಾಯಿತು. ಕವಿತಾಳಿಗೆ ಫೋನ್ ಹೋಯಿತು. “ಅಯ್ಯೋ ಮಾವಾ, ಕ್ಲೈಂಟ್ ಅಂದ್ರೆ ನಮ್ ಕಂಪ್ಯೂಟ್ರು!” ಎಂದು ಅವಳು ಕೂಗಿದಳು. ಕಂಪ್ಯೂಟರ್ ಹೇಗೆ ಕ್ಲೈಂಟ್ ಆಗುತ್ತದೆ? ಅದು ಒಂದು ಕರ್ಚೀಫನ್ನಾದರೂ ಕೊಂಡಿದೆಯೇ? ಕೇಳುವ ಸಮಯವಲ್ಲವೆಂದು ತಿರುಪ್ಪೂರಿಗೆ ಫೋನ್ ಮಾಡಿದೆ. ಷಣ್ಮುಗಂ ಫೋನಿನಲ್ಲಿ “ಮರಂದು ಪೋಚುಂಗ” ಎಂದರು. ಮರೆತೇಹೋಗಿತ್ತು. ಸರಸ್ವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟಳು. ಅವಳ ಅಷ್ಟು ಕಾಲದ ಹೂವು, ಬಳ್ಳಿ, ಗಿಳಿಗಳೆಲ್ಲ ಒಳಗೆ ಸಿಕ್ಕಿಕೊಂಡಿದ್ದವು.

ಪುಣ್ಯಾತ್ಮ ಷಣ್ಮುಗಂ ಬಸ್ಸು ಹತ್ತಿ ತಾವೇ ಬಂದರು. ಮುರುಗನ ಹೆಸರುಗಳನ್ನೆಲ್ಲ ಒತ್ತಿದರು, ಮಕ್ಕಳ ಹೆಸರು ಒತ್ತಿದರು, ಹೆಂಡತಿಯ ಹೆಸರನ್ನೂ ಒತ್ತಿದರು. ತೆರೆಯಲಿಲ್ಲ. ಕೊನೆಗೆ ಬಾಗಿಲ ಕಡೆ ಒಮ್ಮೆ ನೋಡಿ, ಕಿವಿಯವರೆಗೂ ಕೆಂಪಾಗಿ, ಮೆಲ್ಲಗೆ ಇನ್ನೊಂದು ಹೆಸರು ಒತ್ತಿದರು. ತೆರೆಯಿತು. ಯಾರ ಹೆಸರೆಂದು ನಾವು ಕೇಳಲಿಲ್ಲ. ಸರಸ್ವತಿ ಅವರಿಗೆ ಎರಡು ಸಲ ಕಾಫಿ ಕೊಟ್ಟಳು.

ಈಗ ಪಾಸ್‌ವರ್ಡ್ ಅವಳೇ ಬದಲಿಸಿದ್ದಾಳೆ. ಮೊನ್ನೆ ಮನೆಗೆ ಬಂದ ಕವಿತಾಳನ್ನು ಕೇಳಿದೆ: “ಹಂಗಾದ್ರೆ ನಾನು ಯಾವ ಸೈಡು? ಕ್ಲೈಂಟಾ, ಸರ್ವರಾ?”

ಅವಳು ಹೇಳಿದಳು: “ನೀವು ಎರಡೂ ಅಲ್ಲ ಮಾವಾ. ನಿಮ್ಮಂತೋರ್ ಕೈಗೆ ಸಿಗಬಾರ್ದು ಅಂತಾನೇ ಪೂಟು ಹಾಕಿರೋದು.”

ನಾನು ನಕ್ಕೆ. ಸರಸ್ವತಿ ನಗಲಿಲ್ಲ, ಹೌದೆಂದು ತಲೆಯಾಡಿಸಿದಳು.