ಕೂತರೆ ಬಾರದ ಮಗ್ಗಿ

ಪೊಲೀಸ್ ಠಾಣೆಯಿಂದ ಕರೆ ಬಂದರೂ ಧೈರ್ಯವಾಗಿ ಹೋಗಬಹುದು. ನಾವು ತಪ್ಪು ಮಾಡಿಲ್ಲವೆಂದಾದರೂ ಹೇಳಿಕೊಳ್ಳಬಹುದು. ಮಕ್ಕಳ ಶಾಲೆಯಿಂದ ಕರೆ ಬಂದರೆ ಆ ಅನುಕೂಲವೂ ಇಲ್ಲ. ಮೂರನೇ ಕ್ಲಾಸಿನಲ್ಲಿದ್ದ ನನ್ನ ಮಗಳು ವಿಮಲೆಯ ವಿಷಯ ಮಾತಾಡಬೇಕೆಂದು ಅವಳ ಟೀಚರು ಹೇಳಿಕಳುಹಿಸಿದಾಗ, ಚಾಮರಾಜಪೇಟೆಯ ನಮ್ಮ ಮನೆಯಿಂದ ಪಕ್ಕದ ಬೀದಿಯ ಶಾಲೆ ತಲುಪುವಷ್ಟರಲ್ಲಿ ನನ್ನ ಪೇಟವೆಲ್ಲ ಬೆವರಿನಿಂದ ಒದ್ದೆಯಾಗಿತ್ತು.

"ನಿಮ್ಮ ಹುಡುಗಿ ದಡ್ಡಿ ಅಲ್ಲ ಸ್ವಾಮಿ," ಎಂದು ಟೀಚರು ಆರಂಭಿಸಿದರು. "ಆದ್ರೆ ಒಂದು ಕಡೆ ಕೂರಲ್ಲ. ಏಳರ ಮಗ್ಗಿ ಕೇಳಿದ್ರೆ ಅರ್ಧದಲ್ಲೇ ಕಾಗೆ ನೋಡ್ತಾ ನಿಂತ್ಬಿಡ್ತಾಳೆ. ಪರೀಕ್ಷೇಲೂ ಹೀಗೇ ಆದ್ರೆ ಇದೇ ಕ್ಲಾಸಲ್ಲಿ ಉಳೀಬೇಕಾಗುತ್ತೆ."

ಅಂದಿನಿಂದ ಮನೆಯಲ್ಲಿ ಒಂದೆಲಗದ ಚಟ್ನಿ ಶುರುವಾಯಿತು. ಜ್ಞಾಪಕಶಕ್ತಿಗೆ ಒಳ್ಳೆಯದಂತೆ. ಮಗಳು ತಟ್ಟೆಯಂಚಿಗೆ ಸರಿಸಿದ್ದನ್ನೆಲ್ಲ ದಂಡವಾಗಬಾರದೆಂದು ನಾನೇ ತಿಂದೆ. ಆಫೀಸಿನಲ್ಲಿ ಯಾರಿಗೂ ಬೇಡದ ಹಳೆಯ ಸರ್ಕ್ಯುಲರುಗಳು ನನಗೆ ಒಂದೊಂದಾಗಿ ನೆನಪಾಗತೊಡಗಿದವು. ಸಂಜೆ ಅವಳನ್ನು ಮಣೆಯ ಮೇಲೆ ಕೂರಿಸಿ ಮಗ್ಗಿ ಹೇಳಿಸುತ್ತಿದ್ದೆ. ಅವಳು ತಡವರಿಸಿದಷ್ಟೂ ನನ್ನ ದನಿ ಏರುತ್ತಿತ್ತು. ಒಂದು ದಿನ ಅತ್ತೇಬಿಟ್ಟಳು.

"ನಂಗೆ ಬರತ್ತಪ್ಪಾ. ಕೂತ್ಕೊಂಡ್ರೆ ಓಡಿಹೋಗ್ಬಿಡತ್ತೆ!"

"ಹಾಗಾದ್ರೆ ನಿಂತ್ಕೊಂಡೇ ಹೇಳ್ಲಿ ಬಿಡಿ," ಎಂದಳು ಒಳಗಿನಿಂದ ನನ್ನ ಹೆಂಡತಿ ಸಾವಿತ್ರಿ. "ಅದೇನು ಕೂತೇ ಹೇಳ್ಬೇಕಾದ ಮಂತ್ರವೇ?"

ಮಗಳು ಅಂಗಳಕ್ಕೆ ಓಡಿದಳು. ಕುಂಟೆಬಿಲ್ಲೆಯ ಮನೆಗಳಲ್ಲಿ ಒಂಟಿಕಾಲಿನಿಂದ ಜಿಗಿಯುತ್ತ, ಏಳೊಂದ್ಲ ಏಳರಿಂದ ಏಳ್ಹತ್ಲ ಎಪ್ಪತ್ತರವರೆಗೆ ಒಂದೇ ಉಸಿರಿಗೆ ಹೇಳಿದಳು. ನನಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಮರುದಿನವೇ ಟೀಚರಿಗೆ ತಿಳಿಸಿದೆ.

"ಪರೀಕ್ಷೇಲಿ ಕುಂಟೋಕೆ ಬಿಡಕ್ಕಾಗತ್ತಾ ಸ್ವಾಮಿ?" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ನೋಡೋಣ," ಎಂದರು.

ಬಾಯಿಲೆಕ್ಕದ ಪರೀಕ್ಷೆಯ ದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಶಾಲೆಯ ಕಿಟಕಿಯ ಹೊರಗೆ ನಿಂತೆ. ವಿಮಲೆಯ ಸರದಿ ಬಂದಾಗ ಟೀಚರು ಅವಳ ಕೈಗೆ ಡಸ್ಟರು ಕೊಟ್ಟರು. "ಬೋರ್ಡು ಒರೆಸ್ತಾ ಏಳರ ಮಗ್ಗಿ ಹೇಳಮ್ಮ."

ಕೈ ಆಡಿತು, ಬಾಯಿಯೂ ಆಡಿತು. "ಏಳಾರ್ಲ..." ಎಂದು ನಿಂತಳು. ನಾನು ಕಿಟಕಿಯ ಈ ತುದಿಯಿಂದ ಆ ತುದಿಗೆ ಹೋದೆ. ಆಗಲೇ ಸ್ವಚ್ಛವಾಗಿದ್ದ ಮೂಲೆಯನ್ನು ಮತ್ತೊಮ್ಮೆ ತಿಕ್ಕಿದಳು. "ನಲವತ್ತೆರಡು!" ಮುಂದಿನದು ತಾನಾಗಿ ಬಂತು.

ಉಕ್ತಲೇಖನದಲ್ಲಿ ಒತ್ತಕ್ಷರಗಳೆಲ್ಲ ಎಲ್ಲೆಲ್ಲೋ ಉದುರಿಹೋಗಿದ್ದವು, ಅದು ಬೇರೆ ಮಾತು. ಅಂತೂ ನಾಲ್ಕನೇ ಕ್ಲಾಸಿಗೆ ದಾಟಿದಳು. ಆದರೆ ಅದು ತಿಳಿದದ್ದು ಆಮೇಲೆ. ಮಗ್ಗಿ ಮುಗಿದ ಕೂಡಲೇ ಟೀಚರು ಹೊರಗೆ ಬಂದದ್ದನ್ನು ಕಂಡು ನಾನು ಕೈಮುಗಿದೆ.

"ನಿಮ್ಮ ಮಗಳು ಚೆನ್ನಾಗಿ ಹೇಳಿದ್ಲು," ಎಂದರು. "ನೀವು ಮಾತ್ರ ಕಿಟಕಿ ಮುಂದೆ ಹಾಗೆ ಶತಪಥ ತಿರುಗ್ಬೇಡಿ. ಮಿಕ್ಕ ಮಕ್ಕಳೆಲ್ಲ ಲೆಕ್ಕ ಬಿಟ್ಟು ನಿಮ್ಮನ್ನೇ ನೋಡ್ತಿದಾರೆ."

ಜಗಲಿಗೆ ಒಂದು ಕುರ್ಚಿ ತರಿಸಿ ಹಾಕಿಸಿದರು. ಕೂತೆ. ಎಷ್ಟು ಹೊತ್ತು ಎಂದು ಮಾತ್ರ ಕೇಳಬೇಡಿ.