ಬಾಳೆಎಲೆಯ ಮೇಲೊಬ್ಬ ಕ್ವಾರ್ಟರ್‌ಬ್ಯಾಕ್

ಸೋಲು ಎಂಬುದು ಲೆಕ್ಕ ಇಡದವರಿಗೆ ಬರುವ ಕಾಯಿಲೆ ಎಂದು ನಾನು ಈ ಮಾರ್ಚ್‌ವರೆಗೂ ನಂಬಿದ್ದೆ. ನನ್ನ ಬಳಿ ಚೌಕುಳಿ ಹಾಳೆಯ ಒಂದು ನೋಟ್‌ಬುಕ್ ಇದೆ. ದಿನಾಂಕ, ವೇಳೆ, ಕೆಲಸ, ಫಲಿತಾಂಶ ಎಂದು ನಾಲ್ಕು ಕಾಲಂ. ಹಲ್ಲುಜ್ಜುವುದೊಂದನ್ನು ಬಿಟ್ಟು ಉಳಿದೆಲ್ಲವೂ ಅದರಲ್ಲಿ ದಾಖಲಾಗುತ್ತದೆ. ಹಲ್ಲುಜ್ಜುವುದಕ್ಕೆ ಬೇರೆ ಪುಸ್ತಕವಿದೆ.

ಜನವರಿ 9ರ ಪುಟದಲ್ಲಿ ಹೀಗಿದೆ: "ಸಂಜೆ 6.10. ಕೋಚ್ ಕರೆದರು. ನಾನು ಕ್ವಾರ್ಟರ್‌ಬ್ಯಾಕ್!" ಆ ನೋಟ್‌ಬುಕ್ಕಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಬಿದ್ದದ್ದು ಅದೇ ಮೊದಲು.

ನಾನು ಜರ್ಮನಿಯ ಗಾರ್ಕಿಂಗ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಊರಿನಲ್ಲಿ ಒಂದು ಪುಟ್ಟ ಅಮೆರಿಕನ್ ಫುಟ್‌ಬಾಲ್ ಕ್ಲಬ್ಬಿದೆ. ಇದು ಕಾಲಿನಲ್ಲಿ ಒದೆಯುವ ಆಟವಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಎಸೆದು, ಹಿಡಿದು, ಹಿಡಿದವನ ಮೇಲೆ ಆರು ಜನ ಬೀಳುವ ಆಟ. ಚೆಂಡನ್ನು ಕೈಗೆ ತೆಗೆದುಕೊಂಡು ಅದು ಯಾರಿಗೆ ಹೋಗಬೇಕೆಂದು ತೀರ್ಮಾನಿಸುವ ಆಸಾಮಿಯೇ ಕ್ವಾರ್ಟರ್‌ಬ್ಯಾಕ್. ಎರಡು ವರ್ಷ ನಾನು ಆ ಸ್ಥಾನದ ಮೀಸಲು ಆಟಗಾರನಾಗಿದ್ದೆ. ಬೆಂಚಿನ ಮೇಲೆ ಕೂತ ಪಂದ್ಯಗಳು: 17. ಆಡಿದವು: 0. ಇತರರಿಗೆ ನೀರಿನ ಬಾಟಲಿ ಕೊಟ್ಟದ್ದು: 212.

ನನ್ನ ಭಾಗ್ಯದ ಬಾಗಿಲು ತೆರೆದದ್ದು ಹಳೆಯ ಕ್ವಾರ್ಟರ್‌ಬ್ಯಾಕ್‌ಗೆ ಬರ್ಲಿನ್‌ನಲ್ಲಿ ಬಾಡಿಗೆ ಮನೆ ಸಿಕ್ಕಿದ್ದರಿಂದ. ಕೆಲಸ ಸಿಕ್ಕು ಬರ್ಲಿನ್‌ಗೆ ಹೋದವನು ವಾಪಸು ಬಂದಾನು. ಮನೆ ಸಿಕ್ಕವನು ಬರುವುದಿಲ್ಲ.

ಆದರೆ ಕೋಚ್ ಉವೆ ಒಂದು ಷರತ್ತು ಹಾಕಿದರು. ಅವರು ನಿವೃತ್ತ ವ್ಯಾಯಾಮ ಶಿಕ್ಷಕರು. ಒಂದೇ ಉಸಿರಿಗೆ ಎರಡು ವಾಕ್ಯ ಆಡಿದ ದಾಖಲೆ ನನ್ನಲ್ಲಿ ಇಲ್ಲ.

"ಮಾರ್ಚ್ 22, ಸ್ಟುಟ್‌ಗಾರ್ಟ್‌ನಲ್ಲಿ ಅಭ್ಯಾಸ ಪಂದ್ಯ" ಎಂದರು. ಸ್ವಲ್ಪ ಹೊತ್ತಿನ ನಂತರ, "ಅಲ್ಲಿ ನೋಡಿ ನೀನೋ ಲೂಕಾಸೋ ತೀರ್ಮಾನ" ಎಂದರು.

ಲೂಕಾಸ್ ಎಂದರೆ ಆರಡಿ ನಾಲ್ಕಂಗುಲದ ಅಗ್ನಿಶಾಮಕ ದಳದ ಆಳು. ಅವನು ಚೆಂಡು ಎಸೆದರೆ ಅದು ಹೋಗುವುದು ಕಾಣುತ್ತದೆ, ಬೀಳುವುದು ಕಾಣುವುದಿಲ್ಲ. ನಾನು ಎಸೆದರೆ ಎರಡೂ ಕಾಣುತ್ತವೆ, ಒಟ್ಟಿಗೇ.

ಅಂದೇ ನಾನು ಹತ್ತು ವಾರಗಳ ಸ್ವ-ಅಭಿವೃದ್ಧಿ ಯೋಜನೆ ರೂಪಿಸಿದೆ. ದಿನಕ್ಕೆ 60 ಎಸೆತ. ಹೊರಗೆ ಹಿಮ ಬಿದ್ದಿದ್ದರಿಂದ ಮನೆಯ ಪಡಸಾಲೆಯಲ್ಲೇ ಶುರು. ಹಿಡಿಯುವವನು ನನ್ನ ರೂಮ್‌ಮೇಟ್ ಗಿರೀಶ. ಬೆಂಗಳೂರಿನ ಬಸವನಗುಡಿಯವನು, ಸಾಫ್ಟ್‌ವೇರು, ಸ್ವಭಾವತಃ ಕೂತಿರುವವನು.

"ಮಗಾ, ನಿಂತ್ಕೊಂಡೇ ಹಿಡೀಬೇಕಾ?" ಎಂದ.

"ಹೌದು ಗುರು. ಓಡ್ಕೊಂಡು ಹಿಡೀಬೇಕು."

"ಆರು ಮೀಟರ್ ಪಡಸಾಲೇಲಿ ಎಲ್ಲಿಗೋ ಓಡ್ಲಿ? ಟಾಯ್ಲೆಟ್ಟಿಗಾ?"

ಮೊದಲ ವಾರದ ಫಲಿತಾಂಶ: ಎಸೆತ 420. ಗಿರೀಶ ಹಿಡಿದದ್ದು 61. ಗಿರೀಶನಿಗೆ ತಗುಲಿದ್ದು 140. ಶೂ ಸ್ಟ್ಯಾಂಡ್ ಹಿಡಿದದ್ದು 88. ಶೂ ಸ್ಟ್ಯಾಂಡ್ ಗಿರೀಶನಿಗಿಂತ ಮುಂದಿತ್ತು.

ಭಾನುವಾರ ಕೆಳಗಿನ ಮನೆಯ ಫ್ರಾವ್ ಕ್ರ್ಯೂಗರ್ ಮೇಲೆ ಬಂದರು. ಎಪ್ಪತ್ತು ದಾಟಿದ ಹೆಂಗಸು. ಭಾನುವಾರ ಇಲ್ಲಿ ಸದ್ದು ಮಾಡಬಾರದು. ಖಾಲಿ ಬಾಟಲಿಯನ್ನು ಡಬ್ಬಕ್ಕೆ ಹಾಕುವುದೂ ಅಪರಾಧ.

"ಬೆಳಿಗ್ಗೆಯಿಂದ ಹದಿನಾಲ್ಕು ಸಲ ಧಡ್ ಎಂದಿದೆ" ಎಂದರು.

"ಕ್ಷಮಿಸಿ, ಹನ್ನೆರಡು" ಎಂದು ನಾನು ನೋಟ್‌ಬುಕ್ ತೋರಿಸಿದೆ.

ಅವರು ತಮ್ಮ ನೋಟ್‌ಬುಕ್ ತೋರಿಸಿದರು. ಅದರಲ್ಲಿ ಐದು ಕಾಲಂ! ಕೊನೆಯದು ಸದ್ದಿನ ತೀವ್ರತೆ. ಹೋಲಿಸಿ ನೋಡಿದೆವು. ನಾನೇ ಎರಡು ಬಿಟ್ಟಿದ್ದೆ. ಆ ದಿನ ನಾನು ಈ ದೇಶಕ್ಕೆ ಮನಸಾರೆ ತಲೆಬಾಗಿದೆ. ಅಭ್ಯಾಸವನ್ನು ಪಾರ್ಕಿಗೆ ಸಾಗಿಸಿದೆ.

ಇಡೀ ಚಳಿಗಾಲದಲ್ಲಿ ಉವೆ ನನಗೆ ಹೇಳಿಕೊಟ್ಟದ್ದು ಒಂದೇ ವಾಕ್ಯ: "ಎಲ್ಲಿ ಖಾಲಿ ಇದೆ ನೋಡು, ಅಲ್ಲಿಗೆ ಎಸೆ." 31 ಬಾರಿ ಹೇಳಿದರು. ಇಷ್ಟು ಸರಳವಾದ ಮಾತಿನಲ್ಲಿ ತಂತ್ರವೇನಿದ್ದೀತು ಎಂದು ನಾನು ಅದನ್ನು ಬರೆದುಕೊಳ್ಳಲಿಲ್ಲ. ಸಂಖ್ಯೆಯನ್ನು ಮಾತ್ರ ಬರೆದುಕೊಂಡೆ.

ನನ್ನ ಗಮನವೆಲ್ಲ ದೊಡ್ಡ ಸಮಸ್ಯೆಯೊಂದರ ಮೇಲಿತ್ತು. ಈ ಆಟದಲ್ಲಿ ಚೆಂಡು ಕೈಗೆ ಬರುವ ಮುನ್ನ ಕ್ವಾರ್ಟರ್‌ಬ್ಯಾಕ್ ಯೋಜನೆ ಬದಲಿಸಬಹುದು. ಆದರೆ ಕೂಗಿ ಹೇಳಬೇಕು. ತನ್ನವರಿಗೆ ಕೇಳಿಸಿದ್ದು ಎದುರಾಳಿಗೂ ಕೇಳಿಸುತ್ತದೆ. ಆದ್ದರಿಂದ ಸಂಕೇತ ಬೇಕು. ಜರ್ಮನ್, ಇಂಗ್ಲಿಷ್, ಅಂಕಿ, ಬಣ್ಣ ಎಲ್ಲವೂ ಎಲ್ಲರಿಗೂ ಗೊತ್ತು.

ಫೆಬ್ರವರಿ 2ರಂದು, ಮಧ್ಯಾಹ್ನ ಮೊಸರನ್ನ ತಿನ್ನುತ್ತಿರುವಾಗ, ನನಗೆ ಜ್ಞಾನೋದಯವಾಯಿತು. ಕನ್ನಡ!

ಬರೀ ಕನ್ನಡವಲ್ಲ. ಬಾಳೆಎಲೆ! ಊಟದ ಎಲೆಯಲ್ಲಿ ಪ್ರತಿ ಪದಾರ್ಥಕ್ಕೂ ಒಂದು ಜಾಗ ಗೊತ್ತಾಗಿದೆ. ಮೈದಾನವೇ ಎಲೆ, ನಾನು ಊಟಕ್ಕೆ ಕೂತವನು. ದೂರದ ಎಡ ಮೂಲೆ: ಉಪ್ಪು. ದೂರದ ಬಲಕ್ಕೆ: ಪಲ್ಯ. ಹತ್ತಿರದ ಬಲಕ್ಕೆ: ಪಾಯಸ. ನೇರ ನಡುವೆ ನುಗ್ಗುವುದು: ಅನ್ನ.

"ಮಗಾ, ಎದುರಾಳಿ ಕಡೆ ಯಾರಾದ್ರೂ ಕನ್ನಡದವ್ರು ಇದ್ರೆ?" ಎಂದ ಗಿರೀಶ.

ನಾನು ನಕ್ಕು ಪುಟ ತೆರೆದೆ. ಜರ್ಮನಿಯಲ್ಲಿ ಯಾರಿಗೂ ತಿಳಿಯದೆಂದು ಪಕ್ಕದವರ ಬಗ್ಗೆ ಜೋರಾಗಿ ಕನ್ನಡದಲ್ಲಿ ಮಾತಾಡಿ ನಾವು ಸಿಕ್ಕಿಬಿದ್ದದ್ದು ಒಟ್ಟು ಮೂರು ಸಲ. ಮೂರೂ ಸಲ ಯೂ-ಬಾನ್ ರೈಲಿನಲ್ಲಿ. ಫುಟ್‌ಬಾಲ್ ಮೈದಾನದಲ್ಲಿ: ಸೊನ್ನೆ. "ಅಂಕಿಅಂಶ ಸುಳ್ಳು ಹೇಳಲ್ಲ, ಗುರು."

ನಮ್ಮ ತಂಡದ ಜರ್ಮನ್ನರು ಈ ವಿದ್ಯೆಯನ್ನು ಸ್ವೀಕರಿಸಿದ ಗಾಂಭೀರ್ಯವನ್ನು ಏನೆಂದು ಹೇಳಲಿ! ನನಗೆ ಚೆಂಡು ಕೊಡುವ ಯೋನಾಸ್, ನಲ್ಲಿ ರಿಪೇರಿಯವನು, ಕೈ ಎತ್ತಿ ಕೇಳಿದ: "ಉಪ್ಪನ್ನು ಅಷ್ಟು ದೂರ ಇಡುವುದೇಕೆ?"

"ಸಂಪ್ರದಾಯ."

ಅವನು ಬರೆದುಕೊಂಡ. ಎರಡು ವಾರದಲ್ಲಿ ನನ್ನ ಜೊತೆ ಮೈದಾನಕ್ಕಿಳಿಯುವ ಹತ್ತೂ ಜನ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಪಲ್ಯದ ಜಾಗ ಹೇಳುವಂತಾದರು. ಲೂಕಾಸ್‌ಗೆ ಮಾತ್ರ ಆ ಎರಡೂ ವಾರ ಜ್ವರ; ಆಮೇಲೆ ಅವನಿಗೆ ಯಾರೂ ಹೇಳಿಕೊಡಲಿಲ್ಲ. ಒಳಗೊಳಗೇ ಸಂತೋಷಪಟ್ಟೆ. ಸಂತೋಷಪಟ್ಟ ದಿನಗಳು: 14.

ಮಾರ್ಚ್ 22. ಸ್ಟುಟ್‌ಗಾರ್ಟ್. ಬಿಸಿಲಿತ್ತು. ಎದುರಾಳಿಗಳ ಕಡೆ ಮಡಚುವ ಕುರ್ಚಿಯಲ್ಲಿ ದಪ್ಪ ಜಾಕೆಟ್ಟು, ಉಣ್ಣೆ ಟೋಪಿಯ ಒಬ್ಬ ಹೆಂಗಸು ಕೂತಿದ್ದರು. ಪಕ್ಕದಲ್ಲಿ ಅವರ ಯಜಮಾನರು. ಹೆಂಗಸಿನ ಮಡಿಲಲ್ಲಿ ಸ್ಟೀಲ್ ಡಬ್ಬಿ. ಆ ಡಬ್ಬಿಯನ್ನು ನೋಡಿಯಾದರೂ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

"ಅನ್ನ! ಅನ್ನ!" ಎಂದು ಕೂಗಿದೆ. ನಡುವೆ ನುಗ್ಗಿದೆವು. ಐದು ಗಜ ಸಿಕ್ಕಿತು.

"ಅಯ್ಯ ಶಿವನ! ಈ ಹುಡುಗ ಅನ್ನ ಅಂದನಲ್ರೀ!" ಎಂದು ಯಾರೋ ಅಂದಂತಾಯಿತು. ಹೆಲ್ಮೆಟ್ ಬಿಗಿಯಾದರೆ ಹೀಗೆಲ್ಲ ಕೇಳಿಸುತ್ತದೆ ಎಂದುಕೊಂಡೆ.

"ಉಪ್ಪು!"

"ವಿನ್ಯಾ! ಎಡಕ್ಕ ಹೋಗೋ! ಉಪ್ಪು ಎಡಕ್ಕ ಬಡಸ್ತಾರ!"

ಇದು ಹೆಲ್ಮೆಟ್ಟಿನದಲ್ಲ! ಎದುರಾಳಿಗಳ ಇಪ್ಪತ್ನಾಲ್ಕನೇ ನಂಬರಿನ ಹುಡುಗ, ಅವರ ಮಗ ವಿನಯ, ತಾಯಿಯ ಮಾತಿನಂತೆ ತನ್ನ ಎಡಕ್ಕೆ ಓಡಿದ. ಅವನು ನಮಗೆ ಎದುರಾಗಿ ನಿಂತವನು. ಅವನ ಎಡ ನಮ್ಮ ಬಲ. ನಮ್ಮ ಎಡ ಮೂಲೆ ಖಾಲಿ! ಅಲ್ಲಿ ನಮ್ಮ ಟೋಬಿಯಾಸ್ ಚೆಂಡು ಹಿಡಿದು ಗೆರೆ ದಾಟಿದ. ಟಚ್‌ಡೌನ್! ಅದಕ್ಕೆ ಆರು, ಈ ಆಟದಲ್ಲೂ ಉಳಿದಿರುವ ಒಂದು ಒದೆತಕ್ಕೆ ಒಂದು. ಏಳು ಅಂಕ! ನಾನು ಎರಡೂ ಕೈ ಮೇಲೆತ್ತಿದೆ.

ಹೆಂಗಸು ಕುರ್ಚಿಯಿಂದ ಎದ್ದರು.

"ನಿನ್ನ ಎಡ ಅಲ್ಲೋ ಖೋಡಿ, ಉಣ್ಣಾವನ ಎಡ! ನೀ ಬಡಸಾವ ನಿಂತಂಗ ನಿಂತೀದಿ!"

"ಮಾಮಾ, ಎಲ್ಲರೂ ನೋಡ್ತಿದ್ದಾರೆ" ಎಂದು, ಜರ್ಮನ್ ಮಕ್ಕಳು ಅಮ್ಮನನ್ನು ಕರೆಯುವ ಹಾಗೆ ಕರೆದು, ಹುಡುಗ ಜರ್ಮನ್‌ನಲ್ಲೇ ಗೋಗರೆದ. ಆದರೆ ತಿದ್ದಿಕೊಂಡ.

ಆಮೇಲೆ ನಡೆದದ್ದನ್ನು ದಾಖಲೆಯ ದೃಷ್ಟಿಯಿಂದ ಮಾತ್ರ ಹೇಳುತ್ತೇನೆ. "ಪಲ್ಯ!" ಎಂದೆ. ಪಲ್ಯದ ಜಾಗದಲ್ಲಿ ವಿನಯ. "ಪಾಯಸ!" ಎಂದೆ. ಪಾಯಸವನ್ನೂ ವಿನಯನೇ ಹಿಡಿದ. "ಅನ್ನ!" ಎಂದೆ. ಅನ್ನದ ಮೇಲೆ ಐದು ಜನ ಬಿದ್ದರು. ಅವರು ಹತ್ತು, ನಾವು ಏಳು.

ವಿರಾಮದಲ್ಲಿ ನಾನು ಹೆಲ್ಮೆಟ್ ತೆಗೆದು ನೇರವಾಗಿ ಅವರ ಬಳಿಗೆ ಹೋದೆ.

"ನಮಸ್ಕಾರ ಆಂಟಿ."

"ಬಾರಪಾ ತಮ್ಮಾ! ಯಾವೂರು ನಿಂದು?"

"ಮೈಸೂರು, ಆಂಟಿ."

"ನಾವು ಧಾರವಾಡದವರು. ಇವರು ಇಲ್ಲೇ ಕಾರಿನ ಕಂಪನ್ಯಾಗ ಅದಾರ. ಅಲ್ಲೋ, ಅನ್ನ ಆದಮ್ಯಾಲ ಉಪ್ಪು ಅಂತೀಯಲ್ಲ, ನಿಮ್ಮ ಕಡಿ ಹಂಗ ಬಡಸ್ತಾರೇನು?"

"ಆಂಟಿ, ಅದು ಊಟ ಅಲ್ಲ, ಗುಟ್ಟು. ದಯವಿಟ್ಟು ಹೇಳ್ಕೊಡ್ಬೇಡಿ. ಇವತ್ತು ಗೆಲ್ಲದಿದ್ರೆ ನಾನು ಮತ್ತೆ ನೀರಿನ ಬಾಟಲಿ ಹಿಡೀಬೇಕು."

ಅವರ ಮುಖ ಮೆತ್ತಗಾಯಿತು. "ಪಾಪ. ಆದ್ರ ನೋಡು ತಮ್ಮಾ, ನಾ ಕನ್ನಡದಾಗ ಮಾತಾಡಿದ್ರ ಈ ಹುಡುಗ ಕಿವ್ಯಾಗ ಅದೇನೋ ತುರುಕ್ಕೊಂಡು ಕೂಡ್ತಾನ. ಎಷ್ಟು ವರ್ಷಾತು! ಇವತ್ತ ನಾ ಅಂದದ್ದೆಲ್ಲಾ ಕೇಳಾಕತ್ತಾನ. ಹೆಂಗ ಸುಮ್ನಿರ್ಲಿ, ನೀನ ಹೇಳು?"

ನಾನು ಡಬ್ಬಿಯ ಕಡೆ ನೋಡಿದೆ. ಅವರೇ ಡಬ್ಬಿ ತೆರೆದರು. ಶೇಂಗಾ ಹೋಳಿಗೆ. ಒಂದು ತಿಂದೆ. ಎರಡು ತಿಂದೆ. ಶತ್ರುಪಾಳಯದಲ್ಲಿ ತಿಂದ ಹೋಳಿಗೆಗಳು: ಒಟ್ಟು ಮೂರು. ಬೇಲಿಯ ಆಚೆಯಿಂದ ಉವೆ ನೋಡುತ್ತಿದ್ದರು.

ದ್ವಿತೀಯಾರ್ಧದಲ್ಲಿ ಎಡವನ್ನು ಬಲ ಮಾಡಿ, ಬಲವನ್ನು ಎಡ ಮಾಡಿ ಹೇಳುತ್ತೇನೆ ಎಂದು ನಮ್ಮವರಿಗೆ ತಿಳಿಸಿದೆ. ಯೋನಾಸ್ ಒಪ್ಪಲಿಲ್ಲ. "ಉಪ್ಪನ್ನು ಬಲಕ್ಕೆ ಹಾಕುವುದೆ? ಸಂಪ್ರದಾಯ ಎಂದೆಯಲ್ಲ!" ಐದು ಜನ ಹೊಸ ಕ್ರಮ ಅನುಸರಿಸಿದರು, ಐದು ಜನ ಸಂಪ್ರದಾಯ. ನಮ್ಮವರೇ ನಮ್ಮವರಿಗೆ ಡಿಕ್ಕಿ: 4.

ಕೊನೆಯ ಹತ್ತು ಸೆಕೆಂಡು. ಈಗಲೂ ಹತ್ತು–ಏಳು. ಒಂದೇ ಅವಕಾಶ. ನನ್ನ ಎಲೆಯಲ್ಲಿ ಆಂಟಿಗೆ ಗೊತ್ತಿಲ್ಲದ ಪದಾರ್ಥ ಯಾವುದೂ ಉಳಿದಿರಲಿಲ್ಲ. ಬಾಯಲ್ಲಿ ಇನ್ನೂ ಶೇಂಗಾ ರುಚಿಯಿತ್ತು. ಹೊಟ್ಟೆಯೊಳಗಿಂದ ಕೂಗು ಬಂತು:

"ಹೋಳಿಗೆ!"

ನಮ್ಮವರಿಗೆ ಹೋಳಿಗೆಯ ಜಾಗ ನಾನು ಹೇಳಿಕೊಟ್ಟಿರಲಿಲ್ಲ. ಅವರು ತೋಚಿದ ಕಡೆಗೆಲ್ಲ ಓಡಿದರು. ಯೋನಾಸ್ ಚೆಂಡು ಕೊಟ್ಟ. ಅತ್ತ ಕುರ್ಚಿಗಳ ಕಡೆ ಗದ್ದಲವೆದ್ದಿತು.

"ಹೋಳಿಗಿ ಎಡಕ್ಕ ಬಡಸ್ತಾರ!" ಎಂದರು ಆಂಟಿ.

"ಏ, ಎಲ್ಲಿ ಎಡಕ್ಕ? ನಮ್ಮ ಮನ್ಯಾಗ ಬಲಕ್ಕ!" ಎಂದು ಯಜಮಾನರು ಅಂದು ಮೊದಲ ಸಲ ಬಾಯಿ ತೆರೆದರು.

"ನಿಮ್ಮ ಮನ್ಯಾಗ ಏನ್ ಗೊತ್ತೈತ್ರಿ? ನಿಮ್ಮವ್ವ ತುಪ್ಪನ ಆಮ್ಯಾಲ ಹಾಕ್ತಿದ್ರು!"

ವಿನಯ ಮೈದಾನದ ನಡುವೆ ಗಕ್ಕನೆ ನಿಂತುಬಿಟ್ಟ. ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ತಾಯಿಯ ಕಡೆ ತಿರುಗಿ, ಎರಡೂ ಕೈ ಚಾಚಿ ಕೂಗಿದ:

"ಅವ್ವಾ! ಯಾವ ಕಡಿ? ಲಗೂನ ಹೇಳ!"

ಜರ್ಮನ್‌ನಲ್ಲಲ್ಲ!

ದೂರದಲ್ಲಿ ಟೋಬಿಯಾಸ್ ಒಬ್ಬನೇ ಕೈ ಎತ್ತಿ ನಿಂತಿದ್ದ. ಅವನ ಸುತ್ತ ಹತ್ತು ಗಜ ಯಾರೂ ಇರಲಿಲ್ಲ. ಚಳಿಗಾಲವಿಡೀ 4,200 ಎಸೆತ ಎಸೆದ ನಾನು 4,201ನೆಯದನ್ನು ಎಸೆದಿದ್ದರೆ ಸಾಕಿತ್ತು. ಎಸೆಯಲಿಲ್ಲ. ಏಕೆಂದರೆ ನಾನೂ ಚೆಂಡನ್ನು ಕಂಕುಳಲ್ಲಿ ಹಿಡಿದು ಆಂಟಿಯ ಕಡೆ ತಿರುಗಿ ನಿಂತಿದ್ದೆ. ಹೋಳಿಗೆ ಎಡಕ್ಕೋ ಬಲಕ್ಕೋ? ನನಗೂ ತಿಳಿಯಬೇಕಿತ್ತು!

ಉತ್ತರ ಬರುವ ಮುನ್ನ ನೂರಾ ಇಪ್ಪತ್ತು ಕಿಲೋ ತೂಕದ ಒಬ್ಬ ಮಹಾನುಭಾವ ಹಿಂದಿನಿಂದ ಬಂದ. ಸೀಟಿ ಕೇಳಿಸಿತು. ಪಂದ್ಯ ಮುಗಿದಿತ್ತು.

ನೆಲದಿಂದ ತಲೆ ಎತ್ತಿದಾಗ ಆಂಟಿ ಮಗನನ್ನು ಹೆಲ್ಮೆಟ್ ಸಮೇತ ಅಪ್ಪಿಕೊಂಡಿದ್ದರು. "ಕೇಳಿದ್ರೇನ್ರಿ? ಅವ್ವಾ ಅಂದ! ಅವ್ವಾ ಅಂದ!" ಗೆದ್ದ ಸಂಭ್ರಮವೇ ಅವರಿಗಿರಲಿಲ್ಲ. ನನಗೂ, ನಿಜ ಹೇಳಬೇಕೆಂದರೆ, ಸೋತ ದುಃಖ ಆ ಹೊತ್ತಿಗೆ ಮರೆತುಹೋಗಿತ್ತು. ಬೆನ್ನು ನೋವು ಮರೆತಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಉವೆ ಎದ್ದು ನಿಂತರು. ನಾನು ನೀರಿನ ಬಾಟಲಿಗಳ ಕಡೆ ನೋಡಿದೆ.

"ಲೂಕಾಸ್, ಪಲ್ಯ ಎಲ್ಲಿ?"

"ಏನು ಎಲ್ಲಿ?" ಎಂದ ಲೂಕಾಸ್.

"ಪಲ್ಯ ಎಲ್ಲಿ?" ಎಂದು ಉವೆ ಉಳಿದವರನ್ನು ಕೇಳಿದರು.

"ದೂರದ ಬಲಕ್ಕೆ!" ಹತ್ತು ಜರ್ಮನ್ನರು ಒಕ್ಕೊರಲಿನಿಂದ ಕೂಗಿದರು.

ಉವೆ ನಿಟ್ಟುಸಿರು ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ನನ್ನ ನೋಟ್‌ಬುಕ್ಕಿನ ಇತಿಹಾಸದಲ್ಲೇ ಮೊದಲ ಬಾರಿಗೆ, ಒಂದೇ ಉಸಿರಿಗೆ ಎರಡು ವಾಕ್ಯ ಆಡಿದರು: "ಇವರಿಗೆ ಕಲಿತದ್ದೆಲ್ಲ ಮರೆತುಹೋಗಿ ಈ ಎಲೆಯೊಂದೇ ಉಳಿದಿದೆ. ಋತು ಶುರುವಾಗಲು ನಾಲ್ಕೇ ವಾರ, ಅದನ್ನು ಓದಬಲ್ಲವನು ನೀನೊಬ್ಬನೇ, ಹಾಗಾಗಿ ನೀನೇ ಆಡು."

ಹೀಗೆ ನಾನು ಕ್ವಾರ್ಟರ್‌ಬ್ಯಾಕ್ ಆದೆ. ತೋಳಿನ ಬಲದಿಂದಲ್ಲ, ಪಂಕ್ತಿಯಲ್ಲಿ ಕೂತು ಉಂಡ ಅರ್ಹತೆಯ ಮೇಲೆ!

ಮರುದಿನ ಬೆಳಿಗ್ಗೆ ಮೈಸೂರಿಗೆ ಫೋನ್ ಮಾಡಿ, ನೋಟ್‌ಬುಕ್ ತೆರೆದಿಟ್ಟುಕೊಂಡು, ಅಮ್ಮನನ್ನು ಕೇಳಿದೆ: "ಅಮ್ಮಾ, ಎಲೇಲಿ ಹೋಳಿಗೆ ಎಲ್ಲಿ ಬಡಿಸ್ತಾರೆ? ಸರಿಯಾದ ಜಾಗ ಹೇಳು, ಬರ್ಕೋತೀನಿ."

ಅಮ್ಮ ನಕ್ಕಳು. "ಅದಕ್ಕೇನೋ ಬರ್ಕೊಳ್ಳೋದು? ಎಲ್ಲಿ ಖಾಲಿ ಇದೆ ನೋಡೋದು, ಅಲ್ಲಿಗೆ ಹಾಕೋದು."

ಪೆನ್ನು ಕೆಳಗಿಟ್ಟೆ. ಆ ವಾಕ್ಯ ಕೇಳಿದ ಸಲ: 32. ಅರ್ಥವಾದದ್ದು: 1.